ರೂಮ್‌ಮೇಟ್‌ಗೆ ಗ್ಲಾಂಡ್ಯುಲರ್ ಫೀವರ್ ಬಂದರೆ ಮನೆ ಬದಲಿಸಬೇಕಾ?

ಕಾಸರಗೋಡಿನ ಮುಳ್ಳೇರಿಯದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಎಂ.ಎಸ್ಸಿ. ಓದಲು ಬಂದ ತಂಗಿ ಕೇಳಿದ್ದಾಳೆ: "ಅಕ್ಕ, ರೂಮ್‌ಮೇಟ್‌ಗೆ ಗ್ಲಾಂಡ್ಯುಲರ್ ಫೀವರ್ ಅಂತೆ. ಆ ವೈರಸ್ಸಿನ ಪ್ರೋಟೀನುಗಳಿಂದ ಕ್ಯಾನ್ಸರ್ ಬರುತ್ತದೆ ಅಂತ ಓದಿದೆ. ಡೆಪಾಸಿಟ್ ಹೋದರೂ ಹೋಗಲಿ, ಮನೆ ಬದಲಿಸಲಾ? ಇಲ್ಲಿ ಬದುಕುವುದು ಹೇಗೆ?"

ಬೇಡ ಮಾರಾಯ್ತಿ. ಇಲ್ಲಿ ಹೊಸ ಮನೆ ಹುಡುಕುವುದು ಆ ಜ್ವರಕ್ಕಿಂತ ದೊಡ್ಡ ತಲೆನೋವು.

ಆ ವೈರಸ್ಸಿನ ಹೆಸರು ಎಪ್‌ಸ್ಟೀನ್-ಬಾರ್, ಚಿಕ್ಕದಾಗಿ ಇಬಿವಿ. ಲೋಕದ ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಅದು ಉಂಟು. ಎಂಜಲಿನಿಂದ ಹರಡುತ್ತದೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಊರು ನಮ್ಮದು, ನಿಜ. ಆದರೆ ಮಕ್ಕಳ ಹತ್ತಿರ ಆ ಕಟ್ಟುನಿಟ್ಟು ಎಲ್ಲಿ ನಡೆಯುತ್ತದೆ? ಗಂಜಿ ಬಿಸಿಯಾ ಅಂತ ಅಜ್ಜಿ ತನ್ನ ಬಾಯಿಗೆ ಹಾಕಿ ನೋಡಿ, ಅದೇ ಚಮಚದಲ್ಲಿ ಮಗುವಿಗೆ ಉಣಿಸುತ್ತಾಳೆ. ನಿನಗೆ ಅಂಗನವಾಡಿಗೆ ಹೋಗುವ ಮೊದಲೇ ಅದು ಬಂದು ಕೂತಿರುವ ಸಾಧ್ಯತೆಯೇ ಹೆಚ್ಚು. ಚಿಕ್ಕಂದಿನಲ್ಲಿ ಬಂದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಇಲ್ಲಿ ಹಲವರಿಗೆ ಹದಿಹರೆಯದಲ್ಲಿ ತಾಗುತ್ತದೆ. ಆಗ ಗಂಟಲು ನೋವು, ಕುತ್ತಿಗೆಯ ಗ್ರಂಥಿಗಳ ಊತ, ವಾರಗಟ್ಟಲೆ ಸುಸ್ತು. ಅದೇ ಗ್ಲಾಂಡ್ಯುಲರ್ ಫೀವರ್.

ಕ್ಯಾನ್ಸರಿನ ಮಾತು ಸುಳ್ಳಲ್ಲ. ಉಗಾಂಡಾದ ಮಕ್ಕಳ ದವಡೆಯ ಗಡ್ಡೆಗಳಲ್ಲೇ ಈ ವೈರಸ್ ಮೊದಲು ಸಿಕ್ಕಿದ್ದು, 1964ರಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ. ಸ್ಯಾಂಪಲ್ ತಂದ ವಿಮಾನ ಮಂಜಿನಿಂದಾಗಿ ಮ್ಯಾಂಚೆಸ್ಟರಿಗೆ ಹೋಗಿ ತಡವಾಯಿತು. ದ್ರವ ಕದಡಿತ್ತು. ಕೆಟ್ಟಿದೆ ಅಂತ ಎಸೆಯದೆ ನೋಡಿದರೆ, ಗಡ್ಡೆಯಿಂದ ಬಿಡಿಬಿಡಿಯಾಗಿ ಉದುರಿದ ಜೀವಕೋಶಗಳು. ಅವುಗಳನ್ನು ಬೆಳೆಸಿಯೇ ವೈರಸ್ ಹಿಡಿದರು. ನೀನು ದಿನಾ ಬೈಯುವ ಮಂಜಿಗೂ ಸ್ವಲ್ಪ ಪುಣ್ಯ ಸೇರಬೇಕು!

ಒಳಗೆ ಬಂದ ಮೇಲೆ ಅದು ರಕ್ತದ ಬಿ ಕೋಶಗಳಲ್ಲಿ (ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ಸುಮ್ನೆ ಇರುತ್ತದೆ. ಹೆಚ್ಚಿನ ಸಮಯ ಪ್ರೋಟೀನು ತಯಾರಿಸುವುದೇ ಇಲ್ಲ. ತಯಾರಿಸುವಾಗ ಒಂದೊಂದಕ್ಕೂ ಒಂದೊಂದು ಕೆಲಸ. ಇಬಿಎನ್‌ಎ1 ಎಂಬ ಪ್ರೋಟೀನು ವೈರಸ್ಸಿನ ಡಿಎನ್‌ಎಯನ್ನು ನಮ್ಮ ಕ್ರೋಮೋಸೋಮಿಗೆ ಕಟ್ಟಿಡುತ್ತದೆ. ಕೋಶ ಎರಡಾದಾಗ ಎರಡಕ್ಕೂ ವೈರಸ್ ಹೋಗಬೇಕಲ್ಲ, ಅದಕ್ಕೆ. ಇಬಿಎನ್‌ಎ2 ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಇವುಗಳಲ್ಲಿ ಎಲ್‌ಎಂಪಿ1 ಅನ್ನುವುದು ಜೋರು. ಬಿ ಕೋಶ ಬೆಳೆಯಲು ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣದಿಂದ ಅಪ್ಪಣೆ ಬರಬೇಕು, ಬಿ ಕೋಶದ ಮೈಮೇಲಿರುವ ಸಿಡಿ40 ಎಂಬ ರಿಸೆಪ್ಟರ್ (ಸಂದೇಶ ಹಿಡಿಯುವ ಪ್ರೋಟೀನು) ಮೂಲಕ. ಎಲ್‌ಎಂಪಿ1 ಯಾರನ್ನೂ ಕೇಳದೆ, ಅದೇ ಅಪ್ಪಣೆಯನ್ನು ಬಿಡದೆ ಕೊಡುತ್ತಲೇ ಇರುತ್ತದೆ. ಸಾಯಬೇಕಾದ ಕೋಶ ಸಾಯುವುದಿಲ್ಲ.

ನಾನಿರುವುದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ. ಹಾಡ್ಜ್‌ಕಿನ್ ಲಿಂಫೋಮಾ ಅಂದರೆ ಬಿ ಕೋಶಗಳಿಂದ ಹುಟ್ಟುವ ಒಂದು ಕ್ಯಾನ್ಸರ್. ಅದರ ಸ್ಲೈಡಿನಲ್ಲಿ ಒಂದು ದೊಡ್ಡ ಕೋಶ, ಅದರೊಳಗೆ ಗೂಬೆಯ ಕಣ್ಣಿನ ಹಾಗೆ ಎರಡು ನ್ಯೂಕ್ಲಿಯಸ್. ಎಲ್‌ಎಂಪಿ1 ಇದ್ದರೆ ಬಣ್ಣ ಹಾಕಿದಾಗ ಅದೊಂದೇ ಕಂದು ಬಣ್ಣವಾಗುತ್ತದೆ. ಸುತ್ತ ನೂರಾರು ಸಾದಾ ಕೋಶಗಳು ನೀಲಿಯಾಗಿಯೇ ಉಳಿಯುತ್ತವೆ. ಎಲ್ಲ ಹಾಡ್ಜ್‌ಕಿನ್‌ನಲ್ಲೂ ಈ ಕಂದು ಬರುವುದಿಲ್ಲ. ಹೊಟ್ಟೆಯ ಕ್ಯಾನ್ಸರಿನಲ್ಲಂತೂ ಇಬಿವಿ ಸಿಗುವುದು ನೂರಕ್ಕೆ ಹತ್ತರ ಆಸುಪಾಸು.

ಅಂದರೆ ವೈರಸ್ ಒಂದೇ ಸಾಲದು. ಆಫ್ರಿಕಾದ ಆ ಮಕ್ಕಳಿಗೆ ಮಲೇರಿಯಾ ಮತ್ತೆ ಮತ್ತೆ ಬರುತ್ತಿತ್ತು, ಕೋಶದ ಬೆಳವಣಿಗೆ ನಡೆಸುವ ಮಿಕ್ ಎಂಬ ಜೀನ್ ಕ್ರೋಮೋಸೋಮಿನಲ್ಲಿ ಜಾಗ ತಪ್ಪಿತ್ತು. ದಕ್ಷಿಣ ಚೀನಾದಲ್ಲಿ ಮೂಗಿನ ಹಿಂಭಾಗದ ಕ್ಯಾನ್ಸರಿಗೆ ವಂಶವೂ ಉಪ್ಪು ಮೀನೂ ಸೇರುತ್ತವೆ. ನನಗೆ ಎಲ್ಲಕ್ಕಿಂತ ನಂಬಿಕೆ ಹುಟ್ಟಿಸಿದ್ದು ಕಿಡ್ನಿ ಕಸಿ ಮಾಡಿಸಿಕೊಂಡವರ ವಿಷಯ. ಕಸಿ ನಿಲ್ಲಲು ರೋಗನಿರೋಧಕ ಶಕ್ತಿಯನ್ನು ಔಷಧದಿಂದ ತಗ್ಗಿಸುತ್ತಾರೆ. ಕಾವಲು ಸಡಿಲವಾದಾಗ ಈ ಪ್ರೋಟೀನುಗಳೆಲ್ಲ ಒಟ್ಟಿಗೆ ಹೊರಬಂದು ಲಿಂಫೋಮಾ ಆಗುವುದುಂಟು. ಆ ಔಷಧ ಕಡಿಮೆ ಮಾಡಿದರೇ ಕೆಲವರ ಗಡ್ಡೆ ಕರಗುತ್ತದೆ. ನಿನ್ನ ಟಿ ಕೋಶಗಳು ಆ ಕಾವಲನ್ನು ದಿನಾ ಮಾಡುತ್ತಿವೆ.

ಕ್ಯಾನ್ಸರ್ ಅಂದ ಕೂಡಲೇ ನಮ್ಮವರಿಗೆ ಗೇರು ತೋಟಕ್ಕೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ನೆನಪಾಗುತ್ತದೆ. ಆ ಸಂಕಟ ಬೇರೆ, ಇದಕ್ಕೆ ಬೆರೆಸಬೇಡ. ಅಮ್ಮನಿಗೆ ಫೋನಿನಲ್ಲಿ "ಕ್ಯಾನ್ಸರ್ ವೈರಸ್" ಅಂತ ಹೇಳಲೂ ಬೇಡ.

ಇನ್ನು ಬದುಕುವ ವಿಷಯ. ಲೋಟ, ಚಮಚ ಬೇರೆ ಇಟ್ಟುಕೊಳ್ಳಿ, ಸಾಕು. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚು, ಇಲ್ಲದಿದ್ದರೆ ಅಲಾರಂ ಹೊಡೆದು ಆ ಹುಡುಗಿಯ ನಿದ್ದೆ ಹಾಳು. ಅವಳು ಒಂದು ತಿಂಗಳು ಮೈಗೆ ಪೆಟ್ಟಾಗುವ ಆಟ ಆಡಬಾರದು. ಈ ಜ್ವರದಲ್ಲಿ ಊದಿದ ಸ್ಪ್ಲೀನ್ (ಹೊಟ್ಟೆಯ ಎಡಭಾಗದ ಗುಲ್ಮ) ಒಡೆಯುವ ಭಯ ಉಂಟು. ಊರಿಂದ ಸೂಟ್‌ಕೇಸಿನಲ್ಲಿ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ತಂದಿದ್ದೀಯಾ? ನಾವೆಲ್ಲ ತರುತ್ತೇವೆ. ಪಾಪ ಅಂತ ಅವಳಿಗೆ ಕೊಡಬೇಡ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ, ಈ ಜ್ವರದಲ್ಲಿ ತಿಂದರೆ ಮೈ ತುಂಬ ಕೆಂಪು ದದ್ದು ಏಳುತ್ತದೆ. ನೀನು ಇನ್ನೂ ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರ್, ಹತ್ತಿರ ಹೆಸರು ಬರೆಸಿಲ್ಲ ಅಲ್ವಾ? ಈ ವಾರವೇ ಬರೆಸು. ವೀಸಾದ ಜೊತೆ ಆರೋಗ್ಯದ ದುಡ್ಡು ಕಟ್ಟಿ ಆಗಿದೆ, ಡಾಕ್ಟರನ್ನು ನೋಡಲು ಬೇರೆ ಫೀಸಿಲ್ಲ. ರಾತ್ರಿ ಹೊತ್ತು ಸಂಶಯ ಬಂದರೆ ಗೂಗಲ್ ಬಿಟ್ಟು ಇಲ್ಲಿಯ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡು.