ತಿದ್ದಬೇಡಿ, ಸದ್ಯಕ್ಕೆ ಸಂಕಲನವನ್ನೂ ತರಬೇಡಿ

ಇಪ್ಪತ್ತು ಜನರಿದ್ದ ಬರವಣಿಗೆ ಬಳಗ ಎಂಟಕ್ಕೆ ಇಳಿದಿದೆ. ಎಲ್ಲರ ಬರಹಗಳನ್ನು ತಿದ್ದಿ ಒಂದು ಸಂಕಲನ ತಂದು, ಹೆಸರಾದ ಸಾಹಿತಿಯೊಬ್ಬರಿಂದ ಬಿಡುಗಡೆ ಮಾಡಿಸಿದರೆ ಜನ ಉಳಿಯುತ್ತಾರೆಯೇ ಎಂದು ಹುಬ್ಬಳ್ಳಿಯಿಂದ ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಗದಗದಲ್ಲಿ ನಾನು ಇದನ್ನೇ ಮಾಡಿದೆ. ‘ಕೆಲವರ ಭಾಷೆ ಇನ್ನೂ ಹಳ್ಳಿಯದು’ ಎಂಬ ನಿಮ್ಮ ಮಾತು ಓದಿದಾಗ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆ ಮಾತನ್ನು ನಾನೂ ಆಡಿದ್ದೆ.

ನಮ್ಮ ಬಳಗ ಕೂಡುತ್ತಿದ್ದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ನೇಕಾರರೊಬ್ಬರ ಮನೆಯ ಮೇಲಿನ ಕೋಣೆಯಲ್ಲಿ. ತಿಂಗಳಿಗೆ ಎರಡು ಭಾನುವಾರ, ಬೆಳಗ್ಗೆ ಹತ್ತಕ್ಕೆ. ಕೆಳಗೆ ಕೈಮಗ್ಗ ನಡೆಯುತ್ತಿತ್ತು. ಲಾಳಿಯ ಸದ್ದನ್ನು ಮೀರಿ ಕೇಳಿಸಬೇಕಾದ್ದರಿಂದ ಎಲ್ಲರೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದುವುದನ್ನು ಕಲಿತರು. ಮೊದಲ ವರ್ಷ ಹದಿನೆಂಟು ಜನ, ಎರಡನೆಯ ವರ್ಷಕ್ಕೆ ಹನ್ನೊಂದು. ಒಬ್ಬ ಬಸ್ ಕಂಡಕ್ಟರ್, ಕಾಲೇಜಿನ ಇಬ್ಬರು ಹುಡುಗಿಯರು, ಹತ್ತಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ ಮೂವತ್ತು ವರ್ಷ ಕಳೆದು ನಿವೃತ್ತರಾದ ಹಿರಿಯರು, ಖಾನಾವಳಿ ನಡೆಸುವ ಒಬ್ಬ ಅಕ್ಕ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವನು. ಇದನ್ನು ಹೇಳಲೇಬೇಕು, ಏಕೆಂದರೆ ತಪ್ಪು ನಡೆದದ್ದು ಉತ್ತರಪತ್ರಿಕೆ ತಿದ್ದಿ ಪಳಗಿದ ಆ ಕೈಯಿಂದಲೇ.

ಖಾನಾವಳಿಯ ಅಕ್ಕ ಏಳನೆಯ ತರಗತಿಯವರೆಗೆ ಓದಿದ್ದರು. ರೊಟ್ಟಿ ಬಡಿಯುವ ಕೆಲಸವನ್ನು ಸೊಸೆಗೆ ಒಪ್ಪಿಸಿ ಬರುವವರು, ಆರು ತಿಂಗಳು ಬರಿದೇ ಕೇಳುತ್ತ ಕೂತರು. ಒಂದು ದಿನ ಉದ್ರಿ ಬರೆದಿಡುವ ಖಾತೆ ಪುಸ್ತಕದ ಹಿಂದಿನ ಹಾಳೆಗಳನ್ನು ತೆರೆದು, ಮೂರು ಪುಟ ಓದಿದರು. ಎಂಟು ವರ್ಷದವರಿದ್ದಾಗ ಅವರನ್ನು ಹಗೇವಿಗೆ ಇಳಿಸಿದ ಕಥೆ ಅದು.

ನಿಮ್ಮ ಬಳಗದ ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಹಗೇವು ಎಂದರೆ ಜೋಳ ತುಂಬಿಡಲು ಮನೆಯ ಮುಂದೆ, ಕೆಲವೆಡೆ ಬೀದಿಯಲ್ಲೇ, ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ತೆರೆದ ಕೂಡಲೇ ಯಾರೂ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಅಂದು ಇಳಿಯುವಂತಿಲ್ಲ. ಇದನ್ನು ಮರೆತು ಇಳಿದು ಸತ್ತವರ ನೆನಪು ಎಷ್ಟೋ ಊರುಗಳಲ್ಲಿದೆ.

ಅಕ್ಕನ ಕಥೆಯಲ್ಲಿ ಕಂದೀಲು ಮೊದಲು ಇಳಿಯುತ್ತದೆ. ಜ್ವಾಲೆ ಕುಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಆಮೇಲೆ ಅಪ್ಪ ಹಿಡಿದ ಹಗ್ಗದಲ್ಲಿ ಹುಡುಗಿ ಇಳಿಯುತ್ತಾಳೆ. ಕೆಳಗೆ ಬೆಚ್ಚಗೆ. ತಲೆ ಎತ್ತಿದರೆ ಕಾಣುವುದು ಒಂದು ತಟ್ಟೆಯಷ್ಟು ಆಕಾಶ, ಅದರ ಅಂಚಿನಲ್ಲಿ ಅವ್ವನ ಬಳೆ. ಕಥೆ ಮುಗಿದಾಗ ಕೆಳಗಿನ ಮಗ್ಗವೂ ನಿಂತಿತ್ತು; ಮನೆಯವರು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ಕಾಲೇಜಿನ ಹುಡುಗಿಯೊಬ್ಬಳು ‘ಹಗೇವು ಎಂದರೇನು?’ ಎಂದಳು. ಅಕ್ಕ ಎರಡೂ ಕೈಗಳಿಂದ ಗಾಳಿಯಲ್ಲಿ ಅದನ್ನು ತೋಡಿ ತೋರಿಸಿದರು: ಬಾಯಿ ಇಷ್ಟು, ಹೊಟ್ಟೆ ಇಷ್ಟು, ಗೋಡೆಗೆ ಹತ್ತಿದ ಕಾಳಿನ ಮುಗ್ಗಲು ವಾಸನೆ ಹೀಗೆ. ಐದು ನಿಮಿಷ ಮಾತಾಡಿದರು. ಅದು ಬರಹಕ್ಕಿಂತಲೂ ಚೆನ್ನಾಗಿತ್ತು. ‘ಅಕ್ಕಾ, ಈಗ ಹೇಳಿದ್ದನ್ನೂ ಬರೆಯಿರಿ’ ಎನ್ನುವುದೊಂದೇ ಅಂದು ನನ್ನ ಕೆಲಸವಾಗಿತ್ತು. ನಾನು ಹೇಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಪುಸ್ತಕ ಹೊಕ್ಕಿತ್ತು.

ಅದು ಹೊಕ್ಕದ್ದು ಧಾರವಾಡದಲ್ಲಿ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆಯಲ್ಲ, ಅಲ್ಲಿಗೆ ಬಳಗವನ್ನು ಕರೆದುಕೊಂಡು ಹೋಗಿದ್ದೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಪ್ರಕಾಶನ. ನಮ್ಮ ಗದಗದವರೇ ಆದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಕೂತು ಮಾತಾಡಿದ ಜಾಗ. ಗಿರೀಶ ಕಾರ್ನಾಡರ ನಾಟಕಗಳು ಅಚ್ಚಾದದ್ದು ಅಲ್ಲಿಂದ. ಆ ಪುಸ್ತಕಗಳ ಸಾಲು ನೋಡಿ, ಬಳಗ ಎಂದರೆ ಪುಸ್ತಕ ತರುವುದು ಎಂದುಕೊಂಡು ಮರಳಿದೆ. ಆ ಅಟ್ಟಕ್ಕೆ ಹೆಸರು ಬಂದದ್ದು ಅಲ್ಲಿ ವರ್ಷಗಟ್ಟಲೆ ನಡೆದ ಹರಟೆಯಿಂದ, ಜಗಳದಿಂದ, ಒಬ್ಬರು ಓದಿದ್ದನ್ನು ಇನ್ನೊಬ್ಬರು ಕೂತು ಕೇಳಿದ್ದರಿಂದ ಎಂಬುದು ಹೊಳೆಯಲಿಲ್ಲ. 1922ರಲ್ಲಿ ಬೇಂದ್ರೆಯವರು ಕಟ್ಟಿದ ಗುಂಪಿನ ಹೆಸರೇ ಗೆಳೆಯರ ಗುಂಪು. ಮೊದಲು ಗೆಳೆತನ, ಅಚ್ಚು ಆಮೇಲೆ.

ಎಲ್ಲರೂ ಎರಡು ಸಾವಿರ ಹಾಕಿದರು. ಮುನ್ನೂರು ಪ್ರತಿ ಎಂದು ಗೊತ್ತಾಯಿತು. ಕರಡಚ್ಚು ನನ್ನ ಕೈಗೆ ಬಂದದ್ದು ಒಂದು ಶುಕ್ರವಾರ ಸಂಜೆ. ಶನಿವಾರ ಬೆಳಗ್ಗೆ ಹಿಂತಿರುಗಿಸಬೇಕಿತ್ತು. ರಾತ್ರಿ ಕೆಂಪು ಪೆನ್ನು ಹಿಡಿದು ಕೂತೆ. ಅಕ್ಷರದ ತಪ್ಪುಗಳನ್ನು ತಿದ್ದಿದೆ. ಅದು ಸರಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಪೆನ್ನು ಅಲ್ಲಿ ನಿಲ್ಲಲಿಲ್ಲ. ಅಕ್ಕನ ಕಥೆಗೆ ಬಂದಾಗ ‘ಅವ್ವ’ ‘ತಾಯಿ’ಯಾದಳು. ‘ಪಡಸಾಲೆ’ ‘ಹಜಾರ’ವಾಯಿತು. ‘ಎರೆಹೊಲ’ ‘ಕಪ್ಪು ಮಣ್ಣಿನ ಭೂಮಿ’ಯಾಯಿತು. ಕ್ರಿಯಾಪದಗಳನ್ನೆಲ್ಲ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದೆ. ಬೆಂಗಳೂರಿನವರಿಗೆ, ಮೈಸೂರಿನವರಿಗೆ ತಿಳಿಯಲಿ ಎಂದು ‘ಹಗೇವು’ ಎಂಬುದನ್ನು ಹನ್ನೊಂದು ಕಡೆ ಹುಡುಕಿ ‘ನೆಲಮಾಳಿಗೆ’ ಎಂದು ಮಾಡಿದೆ. ಅಕ್ಕನನ್ನು ಕೇಳಲಿಲ್ಲ. ಫೋನ್ ಮಾಡಿದ್ದರೆ ಎರಡು ನಿಮಿಷದ ಮಾತು. ಖಾನಾವಳಿ ಮುಚ್ಚುವುದೇ ರಾತ್ರಿ ಹತ್ತೂವರೆಗೆ, ಎಚ್ಚರವಾಗಿಯೇ ಇರುತ್ತಿದ್ದರು.

ಏನಾಯಿತೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ನೆಲಮಾಳಿಗೆಗೆ ಮೆಟ್ಟಿಲಿರುತ್ತದೆ, ಬಾಗಿಲಿರುತ್ತದೆ. ಅಲ್ಲಿಗೆ ನಡೆದು ಇಳಿಯಬಹುದು, ನಡೆದು ಹತ್ತಬಹುದು. ಹಗ್ಗ ಏಕೆ ಬೇಕು? ದೀಪ ಏಕೆ ಮೊದಲು ಇಳಿಯಬೇಕು? ಅಪ್ಪ ತಾನು ಇಳಿಯದೆ ಎಂಟು ವರ್ಷದ ಮಗಳನ್ನು ಏಕೆ ಇಳಿಸಿದ? ಬಾಯಿ ಕಿರಿದು, ಅಪ್ಪನ ಹೆಗಲು ಹಿಡಿಸುವುದಿಲ್ಲ, ಅದಕ್ಕೇ ಮಗಳು. ಈ ಕಾರಣಗಳೆಲ್ಲ ‘ಹಗೇವು’ ಎಂಬ ಒಂದೇ ಪದದೊಳಗೆ ಇದ್ದವು. ಪದ ತೆಗೆದ ಕೂಡಲೇ ಅಪ್ಪ ಕಟುಕನಾದ, ಹುಡುಗಿಯ ಹೆದರಿಕೆಗೆ ಅರ್ಥ ಉಳಿಯಲಿಲ್ಲ, ತಟ್ಟೆಯಷ್ಟು ಆಕಾಶ ಸುಳ್ಳಾಯಿತು. ನಾನು ಒಂದು ಪದ ಬದಲಿಸಿದೆ ಎಂದುಕೊಂಡಿದ್ದೆ, ಒಂದು ಮನೆಯನ್ನೇ ಕೆಡವಿದ್ದೆ. ಧಾರವಾಡದ ಆಡುನುಡಿಯಲ್ಲಿ ಹಾಡು ಕಟ್ಟಿದ ಬೇಂದ್ರೆಯವರನ್ನು ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಹೊಗಳಿದವನು ನಾನು. ಕವಿಗೆ ಒಪ್ಪುವ ನುಡಿ ಖಾನಾವಳಿಯ ಅಕ್ಕನಿಗೆ ಒಪ್ಪದು ಎಂದು ಯಾವ ಬಾಯಿಂದ ತೀರ್ಮಾನಿಸಿದೆನೋ, ಇಂದಿಗೂ ನಾಚಿಕೆಯಾಗುತ್ತದೆ.

ಬಿಡುಗಡೆಯ ದಿನ ಅತಿಥಿಗಳು ಪುಟ ತಿರುವಿ, ಭಾಷೆ ಶುದ್ಧವಾಗಿದೆ ಎಂದು ಮೆಚ್ಚಿದರು. ನಾನು ಹಿಗ್ಗಿದೆ. ಆಮೇಲೆ ಅಕ್ಕನನ್ನು ಓದಲು ಕರೆದೆವು. ಇಳಕಲ್ ಸೀರೆ ಉಟ್ಟು, ಮಗ, ಸೊಸೆ, ನೆರೆಯವರನ್ನೆಲ್ಲ ಕರೆತಂದಿದ್ದರು. ಪುಸ್ತಕವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಎರಡು ಸಾಲು ಓದಿದರು. ಮೂರನೆಯ ಸಾಲಿಗೆ ನಿಂತರು. ಪುಟವನ್ನು ಹತ್ತಿರ ಹಿಡಿದು ನೋಡಿದರು. ‘ನಮ್ಮ ಮನೆಯಲ್ಲಿ ನೆಲಮಾಳಿಗೆ ಇರಲಿಲ್ಲ’ ಎಂದರು. ಪುಸ್ತಕವನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಕೂತರು. ಕೆಲವರು ಚಪ್ಪಾಳೆ ತಟ್ಟಿದರು, ಏನೆಂದು ತಿಳಿಯದೆ.

ಅವರು ಮತ್ತೆ ಬರಲಿಲ್ಲ. ಮೊಳೆ ಜೋಡಿಸುತ್ತಿದ್ದ ಹಿರಿಯರು ಮುಂದಿನ ಭಾನುವಾರ ಬಂದು ಹೇಳಿದ್ದು ಇಷ್ಟೇ: ‘ಮೂವತ್ತು ವರ್ಷ ಎಷ್ಟೋ ಜನರ ಕಾಪಿ ಜೋಡಿಸಿದ್ದೇನೆ. ಸಂಶಯ ಬಂದರೆ ಬರೆದವರನ್ನು ಕೇಳಿ ಬರುತ್ತಿದ್ದೆ, ನಾನಾಗಿ ಒಂದು ಅಕ್ಷರ ಬದಲಿಸಲಿಲ್ಲ.’ ಮಿಕ್ಕವರಲ್ಲೂ ಏನೋ ಮುರಿದಿತ್ತು. ಯಾರಿಗೆ ಎಷ್ಟು ಪುಟ, ಯಾರ ಹೆಸರು ಮೊದಲು ಎಂಬ ಲೆಕ್ಕ ಶುರುವಾಗಿತ್ತು. ನಾಲ್ಕು ತಿಂಗಳಲ್ಲಿ ಬಳಗ ನಿಂತಿತು. ಜನ ಉಳಿಯಲಿ ಎಂದು ತಂದ ಪುಸ್ತಕವೇ ಜನರನ್ನು ಕಳಿಸಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಎಂಟು ಜನ ಕಡಿಮೆಯಲ್ಲ. ಎರಡು ಗಂಟೆಯಲ್ಲಿ ನಾಲ್ವರು ಓದಿ, ಉಳಿದವರು ಮನಸ್ಸಿಟ್ಟು ಕೇಳಿದರೆ ಹೊತ್ತು ಮುಗಿಯುತ್ತದೆ; ಇಪ್ಪತ್ತು ಜನರಿದ್ದಾಗ ಅರ್ಧ ಮಂದಿ ತಮ್ಮ ಸರದಿಗೆ ಕಾಯುತ್ತ ಕಿವಿ ಮುಚ್ಚಿ ಕೂತಿರುತ್ತಾರೆ. ಅತಿಥಿಯನ್ನು ಕರೆಯಬೇಡಿ. ಕರೆದರೆ ಎಲ್ಲರೂ ಅತಿಥಿಗೆ ಬರೆಯತೊಡಗುತ್ತಾರೆ. ವಾಟ್ಸ್ಆಪ್ ಗುಂಪಿನಲ್ಲಿ ಬರಹ ಹಾಕಿಸಿ ಹೆಬ್ಬೆರಳು ಎಣಿಸುವುದನ್ನೂ ನಿಲ್ಲಿಸಿ. ಅದನ್ನು ಕೂಡುವ ಹೊತ್ತು ತಿಳಿಸಲು ಮಾತ್ರ ಬಳಸಿ.

ತಿದ್ದಬೇಡಿ ಎಂದರೆ ಬರೆದದ್ದೆಲ್ಲ ಸರಿ ಎಂದು ಸುಮ್ಮನಿರುವುದಲ್ಲ. ನಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಎಂದು ತೋರಿಸುವ ಕಂಬವಿದೆ. ಇಟ್ಟ ಪದವನ್ನು ಅಳಿಸದಿರುವುದು ತನ್ನ ಅಗ್ಗಳಿಕೆ ಎಂದು ಅವನು ಹೇಳಿಕೊಂಡಿದ್ದಾನೆ. ನಮ್ಮ ಕಂಡಕ್ಟರ್ ಅದನ್ನೇ ಹಿಡಿದು ಒಂದು ಸಾಲನ್ನೂ ಬಿಡಲು ಒಪ್ಪುತ್ತಿರಲಿಲ್ಲ. ಕುಮಾರವ್ಯಾಸನಿಗೆ ಅದು ಸಂದಿತು. ನಾವೆಲ್ಲ ಅಳಿಸಿ, ಮತ್ತೆ ಬರೆಯಲೇಬೇಕು. ಆದರೆ ಅಳಿಸುವ ಕೈ ಬರೆದವರದ್ದೇ ಆಗಿರಬೇಕು. ಕೇಳಿದವರು ತಮಗೆ ಎಲ್ಲಿ ತಿಳಿಯಲಿಲ್ಲ, ಎಲ್ಲಿ ಮನಸ್ಸು ಬೇರೆಡೆ ಹೋಯಿತು, ಯಾವ ಮಾತು ಇನ್ನೂ ಕಿವಿಯಲ್ಲಿದೆ ಎಂದು ಹೇಳಲಿ. ಪದವೊಂದು ಹೊಸದಾದರೆ ಆ ಹುಡುಗಿ ಕೇಳಿದ ಹಾಗೆ ಕೇಳಲಿ. ಬರೆದವರು ಕೊಡುವ ಉತ್ತರವನ್ನು ಅವರೇ ಮನೆಗೆ ಹೋಗಿ ಬರಹದೊಳಗೆ ಸೇರಿಸಲಿ. ಮುಂದೆ ಎಂದಾದರೂ ಅಚ್ಚು ಹಾಕಿಸಿದರೆ, ಕರಡಚ್ಚು ಮೊದಲು ಬರೆದವರ ಕೈಗೆ ಹೋಗಲಿ, ಕೊನೆಯದಾಗಿಯೂ ಅವರ ಕೈಯಿಂದಲೇ ಬರಲಿ.

ಎರಡು ವರ್ಷದ ಹಿಂದೆ, ನನ್ನ ಮನೆಯಲ್ಲಿ ಉಳಿದಿದ್ದ ನೂರಾ ಅರವತ್ತು ಪ್ರತಿಗಳನ್ನು ಹೊರಗೆ ತೆಗೆದೆ. ಪ್ರತಿಯೊಂದರಲ್ಲೂ ಹನ್ನೊಂದು ಕಡೆ ‘ನೆಲಮಾಳಿಗೆ’ ಹೊಡೆದು ಮೇಲೆ ‘ಹಗೇವು’ ಬರೆದೆ; ‘ತಾಯಿ’ಯನ್ನು ಹೊಡೆದು ‘ಅವ್ವ’ ಬರೆದೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ಎದುರು ಕೂತು ಅರ್ಧ ಪ್ರತಿಗಳನ್ನು ಮಾಡಿಕೊಟ್ಟರು. ಒಂದನ್ನು ಹಿಡಿದು ಖಾನಾವಳಿಗೆ ಹೋದೆ. ಊಟದ ಗದ್ದಲ ಇಳಿಯುವವರೆಗೆ ಕಾದು, ತಪ್ಪಾಯಿತು ಎಂದೆ. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ನಿಂತುಕೊಂಡೇ ಮೂರೂ ಪುಟಗಳನ್ನು ತುಟಿ ಅಲುಗಿಸುತ್ತ ಓದಿದರು. ‘ಇಲ್ಲಿ ಒಂದು ಉಳಿದಿದೆ’ ಎಂದು ನನ್ನ ಪೆನ್ನು ಕೇಳಿ ಪಡೆದು, ‘ಹಜಾರ’ವನ್ನು ಹೊಡೆದು ‘ಪಡಸಾಲೆ’ ಎಂದು ಬರೆದರು. ಪೆನ್ನು ಮರಳಿಸಿದರು. ಊಟ ಮಾಡಿ ಹೋಗಿ ಎಂದರು.

ಈಗ ಮತ್ತೆ ಕೂಡುತ್ತೇವೆ, ಅದೇ ಕೋಣೆಯಲ್ಲಿ, ಏಳು ಜನ. ಅಕ್ಕ ಬರುವುದಿಲ್ಲ, ಕರೆಯಲು ನನಗೆ ಬಾಯಿಲ್ಲ. ಅವರ ಸೊಸೆ ಕಳೆದ ಎರಡು ಭಾನುವಾರ ಬಂದಿದ್ದಾಳೆ. ಇನ್ನೂ ಏನನ್ನೂ ಓದಿಲ್ಲ, ಗೋಡೆಗೆ ಒರಗಿ ಕೇಳುತ್ತ ಕೂರುತ್ತಾಳೆ.