ಆರು ಗಂಟೆಗೆ ಮುಂಚಿನ ಮಾತು

ಮೈಸೂರಿನ ಓದುಗರೊಬ್ಬರ ಪತ್ರ: "ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಪ್ಪಂದ ಮುಗಿದ ಆಟಗಾರರ ಜೊತೆ ಬೇರೆ ತಂಡಗಳು ಜೂನ್ 30ರ ಸಂಜೆ ಆರಕ್ಕೆ ಮುಂಚೆ ಮಾತು ಶುರು ಮಾಡುವಂತಿಲ್ಲವಂತೆ. ಒಂದೆರಡು ನಿಮಿಷಕ್ಕೇ ನಾಲ್ಕು ವರ್ಷದ ಒಪ್ಪಂದದ ಸುದ್ದಿ ಬರುತ್ತದೆ! ಯಾರ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ? ನಿಯಮ ಸಣ್ಣ ತಂಡಗಳಿಗೆ ಮಾತ್ರವೇ?"

ಸಂಪಾದಕರ ಉತ್ತರ:

ಅಲ್ಲಿನ ಸಂಜೆ ಆರು ಅಂದರೆ ನಮಗೆ ಬೆಳಗಿನ ಜಾವ ಮೂರೂವರೆ. ನಿದ್ದೆಗೆಟ್ಟು ಕೂತರೆ ಕಾಣುವುದು ಮದುವೆ ಗೊತ್ತಾದ ಮೇಲೆ ನಡೆಸುವ ಹೆಣ್ಣು ನೋಡುವ ಶಾಸ್ತ್ರ. ನಿಮ್ಮ ಸಿಟ್ಟು ಸರಿಯೇ.

ಆದರೆ ಸಣ್ಣ ತಂಡಗಳ ಮಾತು ಒಪ್ಪಲಾರೆ. ಇಂಡಿಯಾನಾ ತಂಡದಲ್ಲಿದ್ದ ಆಟಗಾರ ಪಾಲ್ ಜಾರ್ಜ್ ಅವರಿಗೆ ಗಾಳ ಹಾಕಿದ್ದಕ್ಕೆ 2017ರಲ್ಲಿ 5 ಲಕ್ಷ ಡಾಲರ್ ದಂಡ ಕಟ್ಟಿದ್ದು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡ. ಆಮೇಲೆ ಸಿಕ್ಕಿಬಿದ್ದವರಲ್ಲಿ ಮಿಯಾಮಿ, ಷಿಕಾಗೊ, ಫಿಲಡೆಲ್ಫಿಯಾ, ನ್ಯೂಯಾರ್ಕ್ ಇವೆ. ಯಾವುದೂ ಬಡ ತಂಡವಲ್ಲ.

ತಕರಾರು ಇರುವುದು ಶಿಕ್ಷೆಯ ಅಳತೆಯಲ್ಲಿ. 2019ರಲ್ಲಿ ಲೀಗ್ ನಿಯಮ ಬಿಗಿ ಮಾಡಿತು: 1 ಕೋಟಿ ಡಾಲರ್‌ವರೆಗೆ ದಂಡ, ಅಧಿಕಾರಿಗಳ ಅಮಾನತು, ಬೇಕಾದರೆ ಒಪ್ಪಂದವೇ ರದ್ದು. ಓದಿದರೆ ಎದೆ ನಡುಗಬೇಕು. 2022ರಲ್ಲಿ ಆಟಗಾರ ಜೇಲನ್ ಬ್ರನ್ಸನ್ ಡಲ್ಲಾಸ್ ತಂಡ ಬಿಟ್ಟು ನ್ಯೂಯಾರ್ಕಿಗೆ ಹೋದರು, 4 ವರ್ಷಕ್ಕೆ 10.4 ಕೋಟಿ ಡಾಲರ್. ಮಾತುಕತೆ ಮುಂಚೆಯೇ ನಡೆದಿತ್ತು ಎಂದು ಲೀಗ್ ತೀರ್ಮಾನಿಸಿತು. ಶಿಕ್ಷೆ? ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ 2025ರ ಎರಡನೇ ಸುತ್ತಿನ ಒಂದು ಆಯ್ಕೆ ಹೋಯಿತು, ಅಷ್ಟೇ. ಅದೇ 2025ರಲ್ಲಿ ಬ್ರನ್ಸನ್ ನ್ಯೂಯಾರ್ಕನ್ನು ಪೂರ್ವ ವಿಭಾಗದ ಫೈನಲ್‌ಗೆ ಕರೆದೊಯ್ದರು, 2000ದ ನಂತರ ಮೊದಲ ಸಲ. ಬೆಂಚಿನ ಆಟಗಾರ ಡ್ರೂ ಯೂಬ್ಯಾಂಕ್ಸ್‌ಗಾಗಿ ತಪ್ಪು ಮಾಡಿದ ಫೀನಿಕ್ಸ್‌ಗೂ ಇಷ್ಟೇ ಶಿಕ್ಷೆ. ಮಾವಿನಕಾಯಿ ಕದ್ದರೂ ತೋಟವನ್ನೇ ಹೊಡೆದುಕೊಂಡರೂ ಒಂದೇ ದಂಡ ಅಂದರೆ ಯಾರು ಕಾಯಿಗೆ ಕೈ ಹಾಕುತ್ತಾರೆ?

ಹಿಡಿಯುವುದೂ ಸುಲಭವಲ್ಲ ಬಿಡಿ. ಬ್ರನ್ಸನ್ ಅವರ ತಂದೆ ರಿಕ್ ಆಗಲೇ ನ್ಯೂಯಾರ್ಕಿನ ಸಹಾಯಕ ಕೋಚ್ ಆಗಿದ್ದರು. ತಂಡದ ಅಧ್ಯಕ್ಷ ಲಿಯಾನ್ ರೋಸ್ ಒಂದು ಕಾಲಕ್ಕೆ ರಿಕ್ ಅವರ ಏಜೆಂಟ್. ಲೀಗ್ ಪ್ರತಿ ವರ್ಷ ಐದು ತಂಡಗಳ ಫೋನು, ಮೇಲ್ ತಪಾಸಣೆ ಮಾಡಬಹುದು. ಅಪ್ಪ ಮಗ ಊಟಕ್ಕೆ ಕೂತು ಏನು ಮಾತಾಡಿದರು ಅಂತ ಯಾವ ಮೇಲ್‌ನಲ್ಲಿ ಹುಡುಕುವುದು?

ನಮ್ಮ ಐಪಿಎಲ್‌ನಲ್ಲಿ ಇದು ತಿರುಗಾಮುರುಗಾ. ಬೇರೆ ತಂಡದ ಜೊತೆ ಮಾತಾಡಿದ್ದಕ್ಕೆ ರವೀಂದ್ರ ಜಡೇಜ 2010ರ ಇಡೀ ಸೀಸನ್ ಹೊರಗೆ ಕೂತರು. ಎಳೆಯ ಆಟಗಾರನ ಮೇಲೆ ಅಷ್ಟು ಜೋರು ನನಗೆ ಹಿಡಿಸಲಿಲ್ಲ. ತಂಡಕ್ಕೇ ಬಿಸಿ ಮುಟ್ಟಿಸುವ ಅಮೆರಿಕದ ದಾರಿ ವಾಸಿ, ಬಿಸಿ ನಿಜವಾಗಿ ಮುಟ್ಟಿದರೆ.

2024ರಿಂದ, ಫೈನಲ್ ಮುಗಿದ ಮರುದಿನವೇ ತಂಡಗಳು ತಮ್ಮ ಆಟಗಾರರ ಜೊತೆ ಮಾತಾಡಬಹುದು. ಒಳ್ಳೆಯದೇ. ಮಿಕ್ಕ ತಂಡಗಳು ಜೂನ್ 30ರ ಸಂಜೆ ಆರರವರೆಗೆ ಬಾಯಿ ಮುಚ್ಚಿಕೊಂಡಿರುತ್ತವೆ ಅಂತ ನೀವೂ ನಂಬಲ್ಲ, ನಾನೂ ನಂಬಲ್ಲ.

ಎರಡನೇ ಸುತ್ತಿನ ಆಯ್ಕೆಯೇನು ಕಸವಲ್ಲ ಅಂತ ಲೀಗ್ ವಾದಿಸಬಹುದು. 2018ರಲ್ಲಿ ಡಲ್ಲಾಸ್ ಬ್ರನ್ಸನ್‌ರನ್ನು ತಂದಿದ್ದೂ ಎರಡನೇ ಸುತ್ತಿನಲ್ಲೇ, 33ನೆಯವರಾಗಿ. ಆದರೆ ನ್ಯೂಯಾರ್ಕ್ ಕಳೆದುಕೊಂಡ ಆಯ್ಕೆ ಡಲ್ಲಾಸ್‌ಗೆ ಸಿಗಲಿಲ್ಲ. 2025ರಲ್ಲಿ 60ರ ಬದಲು 59 ಹೆಸರು ಕೂಗಿ ಡ್ರಾಫ್ಟ್ ಮುಗಿಸಿದರು.