ಆ ಎಂಟು ಯಾರ ಲೆಕ್ಕ?

ಪ್ರಿಯ ಲೇಖಕರೇ,

ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸ್ತಂಭನಕ್ಷೆ ಬರೆಯುವ ಬಗೆಗಿನ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡಬೇಡಿ. ಕನ್ನಡದಲ್ಲಿ ಇಂಥ ಬರಹ ಬೇಕೇ ಬೇಕು, ನಿಮ್ಮ ವಾಕ್ಯಗಳೂ ತಿಳಿಯಾಗಿವೆ.

ತೊಡಕು ಮೊದಲ ಚಿತ್ರದಲ್ಲೇ ಇದೆ. ಆರ್ ಜೊತೆಗೇ ಬರುವ ಟೈಟಾನಿಕ್ ಹಡಗಿನವರ ದತ್ತಾಂಶವನ್ನು ಡೇಟಾಫ್ರೇಮ್ (ಸಾಲು, ಕಾಲಮ್ಮುಗಳ ಕೋಷ್ಟಕ) ಮಾಡಿಕೊಂಡು, ನಕ್ಷೆ ಬರೆಯುವ ಸಲಕರಣೆಯಾದ ಜಿಜಿಪ್ಲಾಟ್2ರ ಜಿಯೋಮ್_ಬಾರ್‌ನಿಂದ ಮೂರು ದರ್ಜೆಗಳಿಗೂ ಸಿಬ್ಬಂದಿಗೂ ಒಂದೊಂದು ಕಂಬ ಎಬ್ಬಿಸಿದ್ದೀರಿ. ನಾಲ್ಕೂ ಕಂಬಗಳ ಎತ್ತರ ಎಂಟು. ಕೆಳಗೆ ‘ಹಡಗಿನಲ್ಲಿದ್ದವರ ಸಂಖ್ಯೆ’ ಎಂಬ ಬರಹ. ಆ ದತ್ತಾಂಶದಲ್ಲಿ 2201 ಜನರಿದ್ದಾರೆ! ಆ ಎಂಟು ಜನರ ಲೆಕ್ಕವಲ್ಲ, ಸಾಲುಗಳ ಲೆಕ್ಕ. ಟೈಟಾನಿಕ್ ಆಗಲೇ ಎಣಿಸಿಟ್ಟ ಕೋಷ್ಟಕ. ಪ್ರತಿ ದರ್ಜೆಯಲ್ಲೂ ಗಂಡು ಹೆಣ್ಣು, ಮಕ್ಕಳು ದೊಡ್ಡವರು, ಬದುಕಿದವರು ಸತ್ತವರು ಎಂಬ ವಿಂಗಡಣೆಯಿಂದ ಎಂಟು ಸಾಲು. ಜಿಯೋಮ್_ಬಾರ್ ಸಾಲುಗಳನ್ನು ಎಣಿಸುತ್ತದೆ. ಎಣಿಕೆ ಮೊದಲೇ ಮುಗಿದಿದ್ದರೆ ಜಿಯೋಮ್_ಕಾಲ್ ಬಳಸಿ, ಎತ್ತರ ಎಣಿಕೆಯಿರುವ ಫ್ರೀಕ್ ಕಾಲಮ್ಮಿನಲ್ಲಿದೆ ಎಂದು ತಿಳಿಸಬೇಕು. ಆಗ ಮೊದಲ ದರ್ಜೆಗೆ 325, ಎರಡನೆಯದಕ್ಕೆ 285, ಮೂರನೆಯದಕ್ಕೆ 706, ಸಿಬ್ಬಂದಿಗೆ 885 ಬರುತ್ತದೆ. ಚಿತ್ರವನ್ನು ಒಮ್ಮೆ ದಿಟ್ಟಿಸಿ ನೋಡಿದ್ದರೆ ನಿಮಗೇ ಸಂಶಯ ಬರುತ್ತಿತ್ತು.

ಎರಡನೇ ಚಿತ್ರದ ಅಂಕಿಗಳು ಸರಿ, ಅದರಿಂದ ನೀವು ತೆಗೆದ ಮಾತು ತಪ್ಪು. ಬದುಕಿದವರು ದರ್ಜೆವಾರು 203, 118, 178, ಸಿಬ್ಬಂದಿಯಲ್ಲಿ 212. ಅತಿ ಎತ್ತರದ ಕಂಬ ಸಿಬ್ಬಂದಿಯದು. ಅಷ್ಟಕ್ಕೇ ‘ಸಿಬ್ಬಂದಿಗೆ ಬದುಕುವ ಅವಕಾಶ ಹೆಚ್ಚಿತ್ತು’ ಎಂದು ಬರೆದುಬಿಟ್ಟಿದ್ದೀರಿ. 885ರಲ್ಲಿ 212 ಎಂದರೆ ಶೇ 24, ನಾಲ್ಕು ಗುಂಪುಗಳಲ್ಲೇ ಅತಿ ಕಡಿಮೆ. ಮೊದಲ ದರ್ಜೆಯಲ್ಲಿ ಶೇ 62ಕ್ಕೂ ಹೆಚ್ಚು. ಮಡಿದ 673 ಸಿಬ್ಬಂದಿಯ ಮೇಲೆ ಆ ವಾಕ್ಯ ಬಂದು ಕೂತದ್ದು ನನಗೆ ನಿಜಕ್ಕೂ ನೋವು ತಂದಿತು.

ಪ್ರಾಪ್.ಟೇಬಲ್ ಬಳಸಿ ಪಾಲು ತೆಗೆಯಿರಿ, ಆದರೆ ಯಾವ ದಿಕ್ಕಿನಲ್ಲಿ ಭಾಗಿಸುತ್ತಿದ್ದೀರಿ ಎಂಬುದನ್ನು ಓದುಗರಿಗೂ ಹೇಳಿ. ದರ್ಜೆಗಳು ಅಡ್ಡಸಾಲಿನಲ್ಲಿದ್ದರೆ 1 ಎಂದು ಕೊಟ್ಟಾಗ ಆಯಾ ದರ್ಜೆಯೊಳಗಿನ ಪಾಲು ಸಿಗುತ್ತದೆ. 2 ಎಂದು ಕೊಟ್ಟರೆ ಬದುಕಿದ 711 ಜನರಲ್ಲಿ ಸಿಬ್ಬಂದಿ ಎಷ್ಟು ಎಂಬುದು, ಸುಮಾರು ಶೇ 30, ಬರುತ್ತದೆ. ಮತ್ತೆ ಅವರ ಕಂಬವೇ ಎತ್ತರ. ಶೇಕಡಾವಾರು ತೆಗೆದೆವು, ಇನ್ನು ಭಯವಿಲ್ಲ ಎಂದುಕೊಂಡವರು ಎಡವುವುದು ಇಲ್ಲಿಯೇ.

ಗ್ರಂಥಾಲಯದಿಂದ ಪುಸ್ತಕ ಒಯ್ದವರ ನಕ್ಷೆಯಲ್ಲಿ ವಾರ ಗುರುವಾರದಿಂದ ಶುರುವಾಗಿ ಬುಧವಾರಕ್ಕೆ, ಅಲ್ಲಿಂದ ಭಾನುವಾರಕ್ಕೆ ಹಾರುತ್ತದೆ. ಅದು ಅಕ್ಷರಾನುಕ್ರಮ. ಗುಂಪುಗಳ ಕ್ರಮ ನಿಗದಿಪಡಿಸುವ ಫ್ಯಾಕ್ಟರ್ ಬಳಸಿ ಲೆವೆಲ್ಸ್‌ನಲ್ಲಿ ಸೋಮವಾರದಿಂದ ಕ್ರಮವಾಗಿ ಬರೆಯಿರಿ. ಅಲ್ಲಿ ಒಂದಕ್ಷರ ತಪ್ಪಿದರೂ, ಪದದ ಕೊನೆಯಲ್ಲೊಂದು ಖಾಲಿ ಜಾಗ ಉಳಿದರೂ ಆ ದಿನದ ದಾಖಲೆಗಳೆಲ್ಲ ಎನ್ಎ (ಮೌಲ್ಯವಿಲ್ಲದ ಖಾಲಿ) ಆಗುತ್ತವೆ, ಆರ್ ಎಚ್ಚರಿಕೆ ಕೊಡುವುದಿಲ್ಲ. ಎಣಿಕೆ ಮಾಡುವ ಟೇಬಲ್ ಕೂಡ ಎನ್ಎಗಳನ್ನು ತಾನಾಗಿ ಎಣಿಸುವುದಿಲ್ಲ. ಕನ್ನಡ ಹೆಸರುಗಳೊಂದಿಗೆ ಕೆಲಸ ಮಾಡುವವರಿಗೆ ಇದು ಎಲ್ಲಕ್ಕಿಂತ ಉಪಯುಕ್ತ ಮಾತು. ಇದಕ್ಕೊಂದು ಪ್ಯಾರಾ ಕೊಡಿ.

ಏಳು ದಿನಕ್ಕೆ ಏಳು ಬಣ್ಣ ಬೇಡ, ಒಂದು ಸಾಕು. ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ.

ಆಕ್ಲೆಂಡಿನಲ್ಲಿ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಆರ್ ಕಟ್ಟಿದ ಕಥೆಗೆ ಇಡೀ ಪುಟ ಕೊಟ್ಟಿದ್ದೀರಿ. ಎರಡು ವಾಕ್ಯಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಪಾಲಿನ ಚಿತ್ರದಲ್ಲಿ ಸಿಬ್ಬಂದಿಯ ಕಂಬ ಅಷ್ಟು ತಗ್ಗಿದ್ದು ಏಕೆಂದು ಬರೆಯಿರಿ. 885 ಜನರಲ್ಲಿ ಹೆಂಗಸರು 23 ಮಾತ್ರ, ಅವರಲ್ಲಿ 20 ಮಂದಿ ಬದುಕಿದರು. 862 ಗಂಡಸರಲ್ಲಿ ಬದುಕಿದವರು 192. ಗಂಡು ಹೆಣ್ಣನ್ನು ಬೇರ್ಪಡಿಸಿದ ಒಂದು ಚಿತ್ರ ಇದನ್ನು ತೋರಿಸುತ್ತದೆ.

ತಿದ್ದಿದ ಪ್ರತಿಯೊಂದಿಗೆ ಪ್ರತಿ ಚಿತ್ರದ ಕೋಡನ್ನೂ ಕಳುಹಿಸಿ. ನನ್ನ ಕಂಪ್ಯೂಟರಿನಲ್ಲಿ ನಡೆಸಿ ನೋಡಿದ ಮೇಲೆಯೇ ಅಚ್ಚಿಗೆ ಕೊಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ